ಮುಂಗಾರು ಹಿಂದೆ ಸರಿದ ಮೇಲೆ: ಕಣಿವೆಗೆ, ವಿಮಾನಕ್ಕೆ, ಕಡಲಿಗೆ ಹವಾ ಮುನ್ಸೂಚನೆ ಓದುವ ಬಗೆ

ಶರದೃತುವೆಂದರೆ ತಿಳಿಯಾದ ಆಕಾಶ, ತಿಳಿಯಾದ ನೀರು ಎಂಬುದು ನಮ್ಮ ಕಾವ್ಯಗಳ ಮಾತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಂಗಳದಲ್ಲಿ ಅಡಿಕೆ ಒಣಗಿಸಿದವರಾಗಲಿ, ಬೆಂಗಳೂರಿನಿಂದ ಬೆಳಗಿನ ಮೊದಲ ವಿಮಾನಕ್ಕೆ ಟಿಕೆಟ್ ಕಾದಿರಿಸಿದವರಾಗಲಿ, ಮಲ್ಪೆಯಿಂದ ಆಳಸಮುದ್ರಕ್ಕೆ ಬೋಟು ಕಳುಹಿಸಿದವರಾಗಲಿ ಆ ಮಾತನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಈ ಮೂರು ತಿಂಗಳಲ್ಲಿ ಮಧ್ಯಾಹ್ನದವರೆಗೆ ಬಿಸಿಲು ಕಾದು ನಾಲ್ಕು ಗಂಟೆಗೆ ಗುಡುಗು ಮಳೆ ಸುರಿಯಬಹುದು, ಮರುದಿನ ಬೆಳಿಗ್ಗೆ ಎದುರಿನ ಮರ ಕಾಣದಷ್ಟು ಮಂಜು ಕವಿಯಬಹುದು, ಅದೇ ವಾರ ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿತವೊಂದು ಹುಟ್ಟಿ ಬೋಟುಗಳನ್ನೆಲ್ಲ ದಡಕ್ಕೆ ಅಟ್ಟಬಹುದು. ಮುನ್ಸೂಚನೆಗಳಿಗೆ ಈಗ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಬೇರೆ ಯಾರದೋ ಪ್ರಶ್ನೆಗೆ ಬರೆದ ಉತ್ತರಗಳು. ‘ಮಳೆ ಬರುತ್ತದೋ ಇಲ್ಲವೋ’ ಎಂಬ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು, ಕಣಿವೆಯವರು, ವಿಮಾನ ಏರುವವರು, ಕಡಲಿಗೆ ಇಳಿಯುವವರು ಯಾವುದನ್ನು, ಯಾವಾಗ, ಯಾವ ಕ್ರಮದಲ್ಲಿ ನೋಡಬೇಕೆಂಬುದನ್ನು ಇಲ್ಲಿ ವಿವರಿಸಿದೆ.

ಮೊದಲ ಹೆಜ್ಜೆ: ಆ ಅಂಕಿ ನಿಮ್ಮ ಊರಿನದೇ?

ಭಾರತ ಹವಾಮಾನ ಇಲಾಖೆಯ ಲೆಕ್ಕದಲ್ಲಿ ನೈಋತ್ಯ ಮುಂಗಾರು ಸೆಪ್ಟೆಂಬರ್ 17ರ ಹೊತ್ತಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆ ಸರಿಯತೊಡಗಿ, ಅಕ್ಟೋಬರ್ 15ರ ವೇಳೆಗೆ ಇಡೀ ದೇಶವನ್ನು ಬಿಟ್ಟುಹೋಗುವುದು ವಾಡಿಕೆ. ಈಶಾನ್ಯ ಮಾರುತದ ಮಳೆ, ಅಂದರೆ ಹಿಂಗಾರು, ತಮಿಳುನಾಡಿನ ಕರಾವಳಿಯಲ್ಲಿ ಅಕ್ಟೋಬರ್ 20ರ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಮಳೆ ನಕ್ಷತ್ರಗಳ ಲೆಕ್ಕ ಹಿಡಿಯುವ ರೈತರಿಗೆ ಇದು ಹಸ್ತ, ಚಿತ್ತೆ, ಸ್ವಾತಿ, ವಿಶಾಖ ಮಳೆಗಳ ಕಾಲ. ಒಂದು ಮಾರುತ ಸೋತು ಇನ್ನೊಂದು ಬಲಗೊಳ್ಳುವ ಈ ಸಂಧಿಕಾಲದಲ್ಲಿ ಗಾಳಿಗೆ ನಿಶ್ಚಿತ ದಿಕ್ಕಿರುವುದಿಲ್ಲ. ನೆಲದಲ್ಲಿ ತೇವವಿರುತ್ತದೆ, ಹಗಲು ಬಿಸಿಲು ಚುರುಕಾಗಿರುತ್ತದೆ. ಸಂಜೆಯ ಗುಡುಗು ಮಳೆಗೆ ಇಷ್ಟೇ ಸಾಕು.

ಸೆಪ್ಟೆಂಬರ್ ಕೊನೆಯಲ್ಲಿ ಇಲಾಖೆ ಅಕ್ಟೋಬರ್–ಡಿಸೆಂಬರ್ ಅವಧಿಯ ಮುನ್ನೋಟವನ್ನು ಪ್ರಕಟಿಸುತ್ತದೆ. ‘ದಕ್ಷಿಣ ಪರ್ಯಾಯ ದ್ವೀಪದಲ್ಲಿ ವಾಡಿಕೆಗಿಂತ ಹೆಚ್ಚು ಮಳೆ’ ಎಂಬ ಪತ್ರಿಕಾ ಶೀರ್ಷಿಕೆ ಹುಟ್ಟುವುದು ಇದರಿಂದಲೇ. ಈ ಸಾಲಿನಲ್ಲಿರುವ ‘ದಕ್ಷಿಣ ಪರ್ಯಾಯ ದ್ವೀಪ’ ಎಂದರೆ ಐದು ಹವಾಮಾನ ಉಪವಿಭಾಗಗಳು ಮಾತ್ರ: ತಮಿಳುನಾಡು–ಪುದುಚೇರಿ, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ–ಮಾಹೆ ಮತ್ತು ದಕ್ಷಿಣ ಒಳನಾಡು ಕರ್ನಾಟಕ. ನಮ್ಮ ಕರಾವಳಿಯಾಗಲಿ, ಉತ್ತರ ಒಳನಾಡಾಗಲಿ ಇದರಲ್ಲಿ ಸೇರಿಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗದವರು ಆ ಶೀರ್ಷಿಕೆಯನ್ನು ತಮ್ಮದೆಂದು ಓದಬಹುದು. ಘಟ್ಟದ ಮೇಲಿದ್ದರೂ ಉತ್ತರ ಕನ್ನಡ ಜಿಲ್ಲೆಯ ಕಾರಣಕ್ಕೆ ‘ಕರಾವಳಿ ಕರ್ನಾಟಕ’ದ ಪಾಲಾಗಿರುವ ಶಿರಸಿಯವರು ಹಾಗೆ ಓದುವಂತಿಲ್ಲ. ಅವರು ಮುನ್ನೋಟದ ಜೊತೆ ಬರುವ ಬಣ್ಣದ ನಕ್ಷೆಯಲ್ಲಿ ತಮ್ಮ ಜಾಗವನ್ನೇ ಹುಡುಕಿ ನೋಡಬೇಕು.

ಈ ಐದು ಉಪವಿಭಾಗಗಳಲ್ಲಿ ಈ ಮೂರು ತಿಂಗಳ ಮಳೆಯ ದೀರ್ಘಾವಧಿ ಸರಾಸರಿ ಸುಮಾರು 334 ಮಿ.ಮೀ. ಅದರ ಶೇ 88ರಿಂದ 112ರವರೆಗೆ ಬಿದ್ದರೆ ‘ವಾಡಿಕೆ’, ಮೀರಿದರೆ ಹೆಚ್ಚು, ಇಳಿದರೆ ಕಡಿಮೆ. ನಕ್ಷೆಯ ಬಣ್ಣಗಳು ಹೇಳುವುದು ಸಂಭವನೀಯತೆಯನ್ನು: ಹೆಚ್ಚು, ವಾಡಿಕೆ, ಕಡಿಮೆ ಎಂಬ ಮೂರರಲ್ಲಿ ಯಾವುದು ಎಷ್ಟು ಸಂಭವವೆಂಬುದನ್ನು. ಒಂದು ಜಾಗದಲ್ಲಿ ‘ಹೆಚ್ಚು’ ಎಂಬುದಕ್ಕೆ ಶೇ 45 ಸಾಧ್ಯತೆಯಿದ್ದರೆ, ಹಾಗಾಗದಿರುವ ಸಾಧ್ಯತೆ ಶೇ 55 ಇದೆಯೆಂಬುದನ್ನು ಶೀರ್ಷಿಕೆ ಬರೆಯುವವರು ಹೇಳುವುದಿಲ್ಲ, ನಾವು ನೆನಪಿಟ್ಟುಕೊಳ್ಳಬೇಕು. ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗ ವಾಡಿಕೆಗಿಂತ ಬೆಚ್ಚಗಾಗುವ ಎಲ್ ನಿನೊ ಇದ್ದ ವರ್ಷಗಳಲ್ಲಿ ಹಿಂಗಾರು ಸಾಮಾನ್ಯವಾಗಿ ಚುರುಕಾಗುತ್ತದೆ, ಅದೇ ಭಾಗ ತಂಪಾಗುವ ಲಾ ನಿನಾ ಇದ್ದಾಗ ಮಂಕಾಗುವ ಒಲವಿದೆ. ಮುಂಗಾರಿನ ವಿಷಯದಲ್ಲಿ ನಾವು ಕಲಿತದ್ದಕ್ಕೆ ಇದು ತದ್ವಿರುದ್ಧ. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಬೆಚ್ಚಗಿರುವ ಧನಾತ್ಮಕ ದ್ವಿಧ್ರುವ ಸ್ಥಿತಿಯೂ ಹಿಂಗಾರಿಗೆ ಅನುಕೂಲಕರ.

ಎರಡನೆಯ ಹೆಜ್ಜೆ: ಏಣಿಯನ್ನು ಕೆಳಗಿಳಿಯುವುದು

ಋತುವಿನ ಮುನ್ನೋಟದಿಂದ ಋತುವಿನ ತೀರ್ಮಾನ ಮಾತ್ರ ಸಾಧ್ಯ. ಅದರ ಕೆಳಗೆ ಪ್ರತಿ ತಿಂಗಳ ಕೊನೆಗೆ ಬರುವ ಮಾಸಿಕ ಮುನ್ನೋಟ, ಗುರುವಾರಗಳಂದು ಬರುವ ಮುಂದಿನ ವಾರಗಳ ವಿಸ್ತೃತ ಮುನ್ನೋಟ, ದಿನವೂ ನವೀಕರಣಗೊಳ್ಳುವ ಏಳು ದಿನಗಳ ಜಿಲ್ಲಾ ಮುನ್ಸೂಚನೆ, ಕೊನೆಗೆ ಮುಂದಿನ ಮೂರು ಗಂಟೆಗಳ ತತ್ಕಾಲದ ಎಚ್ಚರಿಕೆ ಇವೆ. ಗೊಬ್ಬರ, ಕೂಲಿ, ಟಾರ್ಪಾಲು, ಡೀಸೆಲ್‌ಗೆ ಹಣ ಹೊಂದಿಸುವುದಕ್ಕೆ ಮೇಲಿನ ಮೆಟ್ಟಿಲುಗಳು ಸಾಕು. ನಾಳೆ ಕೊಯ್ಯಬೇಕೋ, ಹೊರಡಬೇಕೋ ಎಂಬುದನ್ನು ಕೆಳಗಿನ ಮೂರು ಮೆಟ್ಟಿಲುಗಳಲ್ಲೇ ನಿರ್ಧರಿಸಬೇಕು.

ಭಾಷೆಯನ್ನೂ ಇಲ್ಲಿಯೇ ಕಲಿತುಬಿಡುವುದು ಒಳ್ಳೆಯದು. ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿಲ್ಲದಷ್ಟು ಕಡೆ ಮಳೆ. ‘ಕೆಲವು ಕಡೆ’ ಎಂದರೆ ಅರ್ಧದವರೆಗೆ. ‘ಹಲವು ಕಡೆ’ ಎಂದರೆ ಮುಕ್ಕಾಲಿನವರೆಗೆ. ಅದಕ್ಕೂ ಹೆಚ್ಚಾದರೆ ‘ಬಹುತೇಕ ಎಲ್ಲ ಕಡೆ’. ಇದು ಹರಹಿನ ಮಾತು. ಪ್ರಮಾಣದ ಮಾತು ಬೇರೆ: 24 ಗಂಟೆಗಳಲ್ಲಿ 64.5 ಮಿ.ಮೀ. ಮುಟ್ಟಿದರೆ ‘ಭಾರಿ’, 115.6 ಮುಟ್ಟಿದರೆ ‘ಅತಿ ಭಾರಿ’, 204.5 ಮುಟ್ಟಿದರೆ ‘ಅತ್ಯಂತ ಭಾರಿ’. ಈ 24 ಗಂಟೆ ಮುಗಿಯುವುದು ಬೆಳಿಗ್ಗೆ 8.30ಕ್ಕೆ. ಆದ್ದರಿಂದ ಪತ್ರಿಕೆಯಲ್ಲಿ ‘ಮಂಗಳವಾರದ ಮಳೆ’ ಎಂದು ಅಚ್ಚಾಗಿರುವುದರಲ್ಲಿ ಬಹುಪಾಲು ಸೋಮವಾರ ಸಂಜೆ ಸುರಿದದ್ದೇ ಆಗಿರಬಹುದು. ಯೆಲ್ಲೋ ಅಲರ್ಟ್ ಎಂದರೆ ಸುದ್ದಿಯ ಮೇಲೆ ಕಣ್ಣಿಡಿ, ಆರೆಂಜ್ ಎಂದರೆ ಸಿದ್ಧರಾಗಿ, ರೆಡ್ ಎಂದರೆ ಕೆಲಸಕ್ಕಿಳಿಯಿರಿ ಎಂದು ಅರ್ಥ. ಮೂರನ್ನೂ ಶಾಲೆಗೆ ರಜೆಯೇ ಎಂಬ ಒಂದೇ ತೂಕದಲ್ಲಿ ಅಳೆಯುವ ನಮ್ಮ ಅಭ್ಯಾಸ ಬಣ್ಣಗಳ ಅರ್ಥವನ್ನೇ ಕೆಡಿಸಿದೆ.

ಕಣಿವೆಯವರಿಗೆ

ಮಲೆನಾಡಿನಲ್ಲಿ ಈ ಕಾಲದ ಮುಖ್ಯ ಪ್ರಶ್ನೆ ‘ಎಷ್ಟು ಮಳೆ’ ಎಂಬುದಕ್ಕಿಂತ ‘ಎಷ್ಟು ದಿನ ಬಿಸಿಲು ಸತತವಾಗಿ ಸಿಗುತ್ತದೆ’ ಎಂಬುದು. ಆ ದಿನಗಳ ಸಂಖ್ಯೆ ಬೆಳೆಯಿಂದ ಬೆಳೆಗೆ ಬೇರೆ. ಕೊಯ್ದ ಭತ್ತದ ಪೈರು ಗದ್ದೆಯಲ್ಲಿ ಒಣಗಲು ಮೂರು ನಾಲ್ಕು ದಿನ ಸಾಕು. ಸುಲಿದು ಬೇಯಿಸಿದ ಕೆಂಪಡಿಕೆಗೆ ಸುಮಾರು ಒಂದು ವಾರ ಬೇಕು. ಕಾಫಿ ಹಣ್ಣನ್ನು ಹಾಗೆಯೇ ಕಣದಲ್ಲಿ ಹರವಿದರೆ ಎರಡು ವಾರ ಹಿಡಿಯುತ್ತದೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುವ ಘಟ್ಟದ ಕೆಳಗಿನ ಚಾಲಿ ಅಡಿಕೆಗೆ 40ರಿಂದ 45 ದಿನ. ಈ ಸಂಖ್ಯೆಗಳನ್ನು ಏಣಿಯ ಪಕ್ಕದಲ್ಲಿಟ್ಟು ನೋಡಿದರೆ ಯಾರು ಯಾವ ಮುನ್ಸೂಚನೆಯನ್ನು ನಂಬಬಹುದೆಂಬುದು ತಾನಾಗಿಯೇ ತಿಳಿಯುತ್ತದೆ. ಭತ್ತ ಕೊಯ್ಯುವವರು, ಕೆಂಪಡಿಕೆ ಮಾಡುವವರು ಏಳು ದಿನಗಳ ಮುನ್ಸೂಚನೆ ನೋಡಿ ದಿನ ಗೊತ್ತುಮಾಡಬಹುದು. ಕಾಫಿಯವರಿಗೆ ಗುರುವಾರದ ವಿಸ್ತೃತ ಮುನ್ನೋಟ ಬೇಕು. ಚಾಲಿಯವರಿಗೆ ಹೊಂದುವಂಥ ನಂಬಲರ್ಹ ಮುನ್ಸೂಚನೆ ಯಾವ ಮೆಟ್ಟಿಲಲ್ಲೂ ಇಲ್ಲ. ಅವರು ಮಳೆ ಬಂದೇ ಬರುತ್ತದೆಂದು ಎಣಿಸಿ, ಅಕ್ಟೋಬರ್‌ಗೆ ಮೊದಲೇ ಅಂಗಳಕ್ಕೆ ಪಾರದರ್ಶಕ ಮಾಡು ಹೊದಿಸುವುದೋ ಟಾರ್ಪಾಲು ಎಳೆಯಲು ಆಳು ಗೊತ್ತುಮಾಡುವುದೋ ಲೇಸು.

ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಶುರುವಾಗುವಾಗಲೇ ಬಂಗಾಳ ಕೊಲ್ಲಿಯ ಕುಸಿತಗಳ ಕಾಲವೂ ಉತ್ತುಂಗದಲ್ಲಿರುತ್ತದೆ. ಚೆನ್ನೈ ಅಥವಾ ಪುದುಚೇರಿಯ ಬಳಿ ದಡ ಸೇರಿದ ಚಂಡಮಾರುತ ದುರ್ಬಲಗೊಂಡ ಮೇಲೂ ಪಶ್ಚಿಮಕ್ಕೆ ಸಾಗಿ ನಮ್ಮ ಘಟ್ಟಗಳ ಮೇಲೆ ಮಳೆ ಸುರಿಸುವುದುಂಟು. 2024ರ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲ ಮುಟ್ಟಿದ ಫೆಂಗಲ್ ಡಿಸೆಂಬರ್ ಮೊದಲ ದಿನಗಳಲ್ಲಿ ಕೊಡಗಿನಿಂದ ದಕ್ಷಿಣ ಕನ್ನಡದವರೆಗೆ ಮಳೆ ತಂದದ್ದು ಹೀಗೆ. ಗಿಡದಲ್ಲಿ ಹಣ್ಣಾದ ಕಾಫಿ ಇಂಥ ಮಳೆಗೆ ಒಡೆದು ಉದುರುತ್ತದೆ, ಕಣದಲ್ಲಿರುವುದು ಬೂಷ್ಟು ಹಿಡಿಯುತ್ತದೆ. ‘ಚಂಡಮಾರುತ ತಮಿಳುನಾಡಿಗೆ’ ಎಂಬ ಸುದ್ದಿ ಬಂದಾಗ ನಮಗೇನು ಎಂದು ಸುಮ್ಮನಾಗದೆ, ನಂತರದ ಎರಡು ಮೂರು ದಿನಗಳನ್ನು ಕೊಯ್ಲಿನ ಪಟ್ಟಿಯಿಂದ ತೆಗೆದಿಡಿ.

ಇನ್ನು ಮಂಜು. ಸಂಜೆ ಮಳೆ ಬಿದ್ದು ರಾತ್ರಿ ಆಕಾಶ ತೆರವಾಗಿ ಗಾಳಿ ನಿಂತರೆ, ನೆಲ ತನ್ನ ಕಾವನ್ನು ಬೇಗನೆ ಬಿಟ್ಟುಕೊಡುತ್ತದೆ. ತಂಪಾಗಿ ಭಾರವಾದ ಗಾಳಿ ಇಳಿಜಾರಿನಲ್ಲಿ ನೀರಿನಂತೆಯೇ ಹರಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಮೇಲೇರಿದಂತೆ ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ತಂಪಾಗಬೇಕೆಂಬ ಪಾಠ ಅಂಥ ರಾತ್ರಿಗಳಲ್ಲಿ ತಲೆಕೆಳಗಾಗಿ, ಗುಡ್ಡದ ಮೇಲಿನ ಮನೆಗಿಂತ ಗದ್ದೆ ಬಯಲೇ ಹೆಚ್ಚು ಕೊರೆಯುತ್ತದೆ. ಮಡಿಕೇರಿಯ ಕನಿಷ್ಠ ಉಷ್ಣಾಂಶ ಮಡಿಕೇರಿಯದು, ನಿಮ್ಮ ಬಯಲಿನದಲ್ಲ. ನೂರಿನ್ನೂರು ರೂಪಾಯಿಯ ಎರಡು ಉಷ್ಣಮಾಪಕಗಳನ್ನು ತಂದು ಒಂದನ್ನು ಮನೆಯ ಜಗಲಿಯಲ್ಲಿ, ಇನ್ನೊಂದನ್ನು ಕಣದ ಅಂಚಿನ ಮರದ ನೆರಳಿನಲ್ಲಿ ತೂಗುಹಾಕಿ, ಹತ್ತು ಬೆಳಗು ಬರೆದಿಟ್ಟರೆ ಆ ವ್ಯತ್ಯಾಸ ನಿಮಗೆ ಬಾಯಿಪಾಠವಾಗುತ್ತದೆ. ಮಂಜು ಬಿದ್ದ ಬೆಳಿಗ್ಗೆ ಕಣದ ಟಾರ್ಪಾಲನ್ನು ಏಳಕ್ಕೇ ಸರಿಸುವ ಹುರುಪು ಬೇಡ. ನಮ್ಮ ಮನೆಯಲ್ಲಿ ಒಮ್ಮೆ ಹಾಗೆ ಸರಿಸಿ, ರಾತ್ರಿಯಿಡೀ ಒಣಗಿಯೇ ಇದ್ದ ಕಾಳು ಒಂದು ತಾಸಿನಲ್ಲಿ ಅಂಗೈಗೆ ಅಂಟುವಷ್ಟು ತೇವ ಹೀರಿತ್ತು. ಟಾರ್ಪಾಲಿನ ಮೇಲೆ ನಿಂತಿದ್ದ ಇಬ್ಬನಿಯೂ ಮಡಿಸುವಾಗ ಕಾಳಿನ ಮೇಲೆಯೇ ಸುರಿಯಿತು. ಈಗ ಟಾರ್ಪಾಲಿನ ಮೇಲ್ಮೈ ಒಣಗಿದ ಮೇಲೆಯೇ, ಸಾಮಾನ್ಯವಾಗಿ ಒಂಬತ್ತರ ನಂತರ, ಸರಿಸುತ್ತೇವೆ.

ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಓಡಾಡುವವರು ಮಂಜಿನ ಜೊತೆ ಸಂಜೆಯ ಸಿಡಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಘಾಟಿಯನ್ನು ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ ದಾಟುವಂತೆ ಹೊರಟರೆ ಎರಡನ್ನೂ ತಪ್ಪಿಸಿಕೊಳ್ಳಬಹುದು. ಅಕ್ಟೋಬರ್ 17ರ ಆಸುಪಾಸಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವವರಿಗೂ, ತೀರ್ಥೋದ್ಭವದ ಗಳಿಗೆ ರಾತ್ರಿಯೋ ನಸುಕಿಗೋ ಬೀಳದಿದ್ದರೆ, ಇದೇ ಮಾತು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಬಿದ್ದ ಸಿಡಿಲನ್ನು ತೋರಿಸುತ್ತದೆ. ಅದು ಸಿಗದಿದ್ದರೆ, ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ ಮೂರರಿಂದ ಭಾಗಿಸಿ, ಬರುವುದು ಕಿಲೋಮೀಟರ್. ಮೂವತ್ತು ಸೆಕೆಂಡಿನೊಳಗೆ ಗುಡುಗಿದರೆ ತೋಟದ ಕೆಲಸ ನಿಲ್ಲಿಸಿ ಒಳಗೆ ಬನ್ನಿ, ಅಡಿಕೆ ಮರದ ಬುಡದಲ್ಲಿ ನಿಲ್ಲಬೇಡಿ. ಬಿರುಸು ಮಳೆಯ ಮರುದಿನ ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಧರೆಯಲ್ಲಿ ಹೊಸ ಬಿರುಕು ಕಂಡರೆ, ಮುಂಗಾರಿನ ನೀರು ಕುಡಿದ ಮಣ್ಣು ಇನ್ನೂ ಗಟ್ಟಿಯಾಗಿಲ್ಲವೆಂದು ತಿಳಿದು ಆ ಬದಿಯಿಂದ ದೂರವಿರಿ.

ವಿಮಾನ ಏರುವವರಿಗೆ

ಪ್ರಯಾಣಿಕರಿಗೆ ಬೇಕಾದ ಅಂಕಿ ಒಂದೇ, ಗೋಚರತೆ. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದ ಬಯಲಿನಲ್ಲಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ, ಕಣಿವೆಯಲ್ಲಿ ಹೇಳಿದ ಕಾರಣಗಳಿಂದಲೇ, ಅಲ್ಲಿ ನಸುಕಿನ ಮೂರರಿಂದ ಎಂಟರವರೆಗೆ ಮಂಜಿನ ಸಾಧ್ಯತೆ ಹೆಚ್ಚು. ದಕ್ಷಿಣದ ರನ್‌ವೇಯಲ್ಲಿ ಅತಿ ಕಡಿಮೆ ಗೋಚರತೆಯಲ್ಲೂ ಇಳಿಯಲು ನೆರವಾಗುವ ಕ್ಯಾಟ್–3ಬಿ ವ್ಯವಸ್ಥೆ ಇದೆ. ಆದರೆ ಅದರ ಲಾಭ ಸಿಗಬೇಕಾದರೆ ವಿಮಾನವೂ ಪೈಲಟ್ಟೂ ಅದಕ್ಕೆ ಅರ್ಹತೆ ಪಡೆದಿರಬೇಕು. ಮೇಲಾಗಿ ಮಂಜಿನಲ್ಲಿ ವಿಮಾನಗಳ ನಡುವಿನ ಅಂತರ ಹೆಚ್ಚಿಸಬೇಕಾಗುವುದರಿಂದ ತಾಸಿಗೆ ಇಳಿಯುವ, ಏರುವ ವಿಮಾನಗಳ ಸಂಖ್ಯೆ ಹೇಗೂ ಕುಗ್ಗುತ್ತದೆ.

ಪ್ರತಿ ಅರ್ಧ ಗಂಟೆಗೊಮ್ಮೆ ನಿಲ್ದಾಣಗಳು ಮೆಟಾರ್ ಎಂಬ ಸಂಕೇತದ ಸಾಲೊಂದನ್ನು ಹೊರಡಿಸುತ್ತವೆ. ಇದು ಯಾರಿಗೂ ಸಿಗುತ್ತದೆ. ಮಾದರಿಗೆಂದು ನಾನೇ ಕಟ್ಟಿದ ಒಂದು ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ: ‘ವಿಒಬಿಎಲ್ 120030ಝಡ್ 00000ಕೆಟಿ 0400 ಎಫ್‌ಜಿ 16/16 ಕ್ಯೂ1016’. ಮೊದಲನೆಯದು ಬೆಂಗಳೂರು ನಿಲ್ದಾಣದ ಸಂಕೇತ. ಮುಂದಿನದು 12ನೆಯ ತಾರೀಖು, ಜಾಗತಿಕ ಸಮಯ 00.30, ಐದೂವರೆ ತಾಸು ಕೂಡಿಸಿದರೆ ನಮ್ಮ ಬೆಳಗಿನ ಆರು. ಸೊನ್ನೆಗಳ ಸಾಲು ಗಾಳಿ ನಿಶ್ಚಲವಾಗಿದೆಯೆನ್ನುತ್ತದೆ. 0400 ಎಂದರೆ ಗೋಚರತೆ 400 ಮೀಟರ್, ಎಫ್‌ಜಿ ಎಂದರೆ ಮಂಜು. ಗೋಚರತೆ ಒಂದು ಕಿ.ಮೀ. ದಾಟಿದ ತೆಳು ಮಂಜಾದರೆ ಅಲ್ಲಿ ಬಿಆರ್ ಎಂದಿರುತ್ತದೆ. 16/16ರಲ್ಲಿ ಮೊದಲನೆಯದು ಉಷ್ಣಾಂಶ, ಎರಡನೆಯದು ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶ. ಕೊನೆಯದು ವಾಯುಭಾರ.

ಈ ಸಾಲಿನ ನಿಜವಾದ ಉಪಯೋಗ ಹಿಂದಿನ ರಾತ್ರಿ. ಹತ್ತು ಗಂಟೆಯ ಮೆಟಾರ್‌ನಲ್ಲಿ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ ಅಂತರ ಎರಡು ಮೂರು ಡಿಗ್ರಿಗೆ ಇಳಿದಿದ್ದು, ಗಾಳಿ ನಾಲ್ಕೈದು ನಾಟ್‌ಗಿಂತ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಕಡಿಮೆಯಿದ್ದು, ಮೋಡವಿಲ್ಲದಿದ್ದರೆ ಬೆಳಗಿನ ಆರರ ವಿಮಾನ ತಡವಾಗುತ್ತದೆಂದೇ ಎಣಿಸಿ ಮುಂದಿನ ಕೆಲಸ ಹೊಂದಿಸಿಕೊಳ್ಳಿ. ಮುಂದಿನ 30 ಗಂಟೆಗಳ ಟ್ಯಾಫ್ ಮುನ್ಸೂಚನೆಯಲ್ಲಿ ‘ಪ್ರಾಬ್30’ ಎಂದಿದ್ದರೆ ಸಾಧ್ಯತೆ ಶೇ 30, ‘ಟೆಂಪೊ’ ಎಂದಿದ್ದರೆ ಒಂದು ಸಲಕ್ಕೆ ತಾಸಿನೊಳಗೆ ಮುಗಿಯುವ ಬದಲಾವಣೆ. ನೀವು ಏರುವ ವಿಮಾನ ಹಿಂದಿನ ಊರಿನಿಂದ ಬರಬೇಕಾದದ್ದಾದರೆ ಆ ಊರಿನ ಸಾಲನ್ನೂ ಓದಿ. ಬೆಂಗಳೂರಿನಲ್ಲಿ ಬಿಸಿಲಿದ್ದಾಗ ದೆಹಲಿಯ ಮಂಜಿಗಾಗಿ ಕಾಯುವುದು ಡಿಸೆಂಬರ್‌ನಲ್ಲಿ ಸಾಮಾನ್ಯ.

ಮಂಗಳೂರಿನ ಲೆಕ್ಕ ಬೇರೆ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲಿದೆ, ಸುತ್ತ ಕಣಿವೆ. ಅಲ್ಲಿ ಅಕ್ಟೋಬರ್‌ನ ತೊಂದರೆ ಸಂಜೆಯದು: ಘಟ್ಟದ ಮೇಲೆ ಬೆಳೆದ ಗುಡುಗು ಮೋಡಗಳು ಪಶ್ಚಿಮಕ್ಕೆ ಜಾರಿ ಬಂದಾಗ ವಿಮಾನಗಳು ಸುತ್ತು ಹಾಕುವುದೋ, ಬೇರೆ ನಿಲ್ದಾಣಕ್ಕೆ ತಿರುಗುವುದೋ ಆಗುತ್ತದೆ. ಬೆಂಗಳೂರಿಗೆ ನಸುಕನ್ನು, ಮಂಗಳೂರಿಗೆ ಸಂಜೆಯನ್ನು ತಪ್ಪಿಸಿ ಟಿಕೆಟ್ ಮಾಡಿ.

ಕಡಲಿಗೆ ಇಳಿಯುವವರಿಗೆ

ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧ ಮುಗಿಸಿ ಹೊರಟ ಯಾಂತ್ರೀಕೃತ ಬೋಟುಗಳಿಗೆ ಅಕ್ಟೋಬರ್, ನವೆಂಬರ್ ದುಡಿಮೆಯ ಕಾಲ. ಹೊರಡುವ ಮುನ್ನ ಮಳೆಯ ಮುನ್ಸೂಚನೆ ನೋಡುವುದು ಹೆಚ್ಚು ಪ್ರಯೋಜನಕ್ಕೆ ಬಾರದು. ದಡದಲ್ಲಿ ಹನಿಯೂ ಬೀಳದ ದಿನ ಕಡಲು ಬೋಟನ್ನು ಮಗುಚುವಷ್ಟು ಕೆರಳಿರಬಹುದು. ನೋಡಬೇಕಾದದ್ದು ಗಾಳಿ, ಅಲೆ, ಅಲೆಯ ಅವಧಿ (ಒಂದು ಅಲೆಯ ಹಿಂದೆ ಇನ್ನೊಂದು ಬರುವ ನಡುವಿನ ಸಮಯ).

ಮೊದಲು ನಿಮ್ಮ ನೀರು ಯಾವುದೆಂದು ಗುರುತಿಸಿ. ಮೀನುಗಾರರ ಎಚ್ಚರಿಕೆಗಳು ‘ಕರ್ನಾಟಕ ಕರಾವಳಿ’, ‘ಲಕ್ಷದ್ವೀಪ’, ‘ಆಗ್ನೇಯ ಅರಬ್ಬೀ ಸಮುದ್ರ’, ‘ಪೂರ್ವ ಮಧ್ಯ ಅರಬ್ಬೀ ಸಮುದ್ರ’ ಎಂದು ಬೇರೆ ಬೇರೆಯಾಗಿ ಬರುತ್ತವೆ. ನಾಡದೋಣಿಯವರಿಗೆ ಮೊದಲನೆಯದು ಸಾಕು. ಹತ್ತು ಹನ್ನೆರಡು ದಿನಕ್ಕೆ ಐಸ್ ತುಂಬಿಕೊಂಡು ಗೋವಾ, ರತ್ನಗಿರಿಯ ಕಡೆಗೆ ಹೋಗುವ ಬೋಟಿನವರು ಆ ಕರಾವಳಿಗಳ ಸಾಲನ್ನೂ ಓದಬೇಕು. ನಂತರ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್ ಕೊಡುವ ಅಲೆಯ ಎತ್ತರ ಮತ್ತು ಅವಧಿಯನ್ನು ಒಟ್ಟಿಗೆ ಓದಿ. ದೂರದ ಬಿರುಗಾಳಿಯಿಂದ ಹೊರಟು ಬಂದ ಉಬ್ಬಲೆಯ ಅವಧಿ ದೀರ್ಘ. ನಡುಗಡಲಿನಲ್ಲಿ ಅದು ಬೋಟನ್ನು ಮೆತ್ತಗೆ ಎತ್ತಿ ಇಳಿಸಿದರೂ, ನೀರು ತೆಳುವಾಗುವ ಅಳಿವೆಯ ಬಾಗಿಲಲ್ಲಿ ಎದ್ದು ಮುರಿಯುತ್ತದೆ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಗೆ ನುಗ್ಗುತ್ತ ಉಬ್ಬಲೆಯನ್ನು ಎದುರಿಸುವಾಗ ಆ ಮುರಿತ ಅತಿ ಕಡಿದು. ಗಂಗೊಳ್ಳಿಯಂಥ ಅಳಿವೆಗಳಲ್ಲಿ ಘಟ್ಟದ ಮೇಲೆ ಮಳೆ ಬಿದ್ದ ಮರುದಿನ ಭರತಕ್ಕೆ ಕಾದು ಒಳಬರುವುದೇ ವಿವೇಕ.

ಇನ್ನು ತೂಫಾನು. ಗಾಳಿಯ ವೇಗ ಗಂಟೆಗೆ 31 ಕಿ.ಮೀ. ಮುಟ್ಟಿದರೆ ‘ವಾಯುಭಾರ ಕುಸಿತ’, 50ಕ್ಕೆ ‘ತೀವ್ರ ಕುಸಿತ’, 62ಕ್ಕೆ ‘ಚಂಡಮಾರುತ’. ಹೆಸರಿಡುವುದು ಈ ಮೂರನೆಯ ಹಂತದಲ್ಲಿ. ಹೆಸರು ಬಂದ ಮೇಲೆ ನೋಡೋಣ ಎಂದು ಕಾಯುವುದು ಅಪಾಯ. 2017ರ ನವೆಂಬರ್ 29ರಂದು ಕುಸಿತವಾಗಿದ್ದ ಒಖಿ ಮರುದಿನ ಬೆಳಗಿನ ಹೊತ್ತಿಗೆ ಕನ್ಯಾಕುಮಾರಿಯ ಬಳಿ ಚಂಡಮಾರುತವಾಗಿತ್ತು. ಆಗ ಕಡಲಲ್ಲಿದ್ದವರಿಗೆ ಮರಳಲು ಸಮಯವೇ ಇರಲಿಲ್ಲ. 2019ರ ಅಕ್ಟೋಬರ್ ಕೊನೆಯಲ್ಲಿ ಕ್ಯಾರ್ ನಮ್ಮ ದಡದಿಂದ ದೂರ ಪಶ್ಚಿಮಕ್ಕೆ ಹೋದರೂ ಕರಾವಳಿಯ ಕಡಲನ್ನು ದಿನಗಟ್ಟಲೆ ಕದಡಿತು, ಅದು ಮುಗಿಯುವ ಮೊದಲೇ ಮಹಾ ಎಂಬ ಇನ್ನೊಂದು ಹುಟ್ಟಿಕೊಂಡಿತು. ಆದ್ದರಿಂದ ದೆಹಲಿಯ ಚಂಡಮಾರುತ ಕೇಂದ್ರ ದಿನವೂ ಹೊರಡಿಸುವ ಉಷ್ಣವಲಯ ಮುನ್ನೋಟದಲ್ಲಿ, ಮುಂದಿನ ದಿನಗಳಲ್ಲಿ ಕುಸಿತ ಹುಟ್ಟುವ ಸಾಧ್ಯತೆ ‘ಇಲ್ಲ’, ‘ಕಡಿಮೆ’, ‘ಮಧ್ಯಮ’, ‘ಹೆಚ್ಚು’ ಎಂಬುದರಲ್ಲಿ ಯಾವುದೆಂದು ನೋಡುವ ರೂಢಿ ಮಾಡಿಕೊಳ್ಳಿ. ಅರಬ್ಬೀ ಸಮುದ್ರಕ್ಕೆ ‘ಮಧ್ಯಮ’ ಎಂದು ಬಂದ ದಿನ ದೂರದ ಪಯಣ ಆರಂಭಿಸುವುದು ಬೇಡ. ಬಂದರಿನ ಕಂಬದಲ್ಲಿ 3ನೆಯ ಸಂಕೇತ ಏರಿದರೆ ಅದು ಸ್ಥಳೀಯ ಮುನ್ನೆಚ್ಚರಿಕೆ, 5ರಿಂದ ಮೇಲಿನವು ಅಪಾಯದ ಸಂಕೇತಗಳು.

ಕಡಲಲ್ಲಿರುವಾಗ ಎಚ್ಚರಿಕೆ ಬಂದರೆ ಬೋಟು ನಡೆಸುವ ತಾಂಡೇಲರು ಮಾಡಬೇಕಾದದ್ದು ಒಂದು ಭಾಗಾಕಾರ. ಬೋಟು ಬಂದರಿನಿಂದ 60 ನಾಟಿಕಲ್ ಮೈಲಿ ದೂರದಲ್ಲಿದ್ದು ತಿಳಿಗಡಲಿನಲ್ಲಿ 7 ನಾಟ್ ಓಡುವುದಾದರೆ ಮರಳಲು ಎಂಟೂವರೆ ತಾಸು ಬೇಕು. ಎದುರು ಗಾಳಿ, ಅಲೆಗೆ ವೇಗ 5ಕ್ಕೆ ಇಳಿದರೆ ಹನ್ನೆರಡು ತಾಸು. ಬಲೆ ಎಳೆದು ಮುಗಿಸಲು ಎರಡು ತಾಸು, ಅಳಿವೆಯ ಹೊರಗೆ ಭರತಕ್ಕೆ ಕಾಯಲು ಇನ್ನು ಮೂರು ನಾಲ್ಕು ತಾಸು ಸೇರಿಸಿದರೆ ಹದಿನೆಂಟರ ಹತ್ತಿರ ಬರುತ್ತದೆ. ಎಚ್ಚರಿಕೆಯಲ್ಲಿ ಹೇಳಿದ ಹೊತ್ತಿಗೆ ಅದಕ್ಕಿಂತ ಕಡಿಮೆ ಅವಧಿ ಉಳಿದಿದ್ದರೆ ಸ್ವಂತ ಬಂದರನ್ನು ಮರೆತು ಕಾರವಾರವೋ ಗೋವಾವೋ ಯಾವುದು ಹತ್ತಿರವೋ ಅಲ್ಲಿಗೆ ತಿರುಗಿಸಿ, ವಿಎಚ್‌ಎಫ್ ರೇಡಿಯೊದ 16ನೆಯ ಚಾನೆಲ್‌ನಲ್ಲಿ ನಿಮ್ಮ ಸ್ಥಾನ ಮತ್ತು ದಿಕ್ಕನ್ನು ತಿಳಿಸಿ. ದಡದಲ್ಲಿರುವ ಮನೆಯವರು ನೆರವಿಗೆ ಕರಾವಳಿ ಕಾವಲು ಪಡೆಯ 1554ಕ್ಕೆ ಕರೆ ಮಾಡಬಹುದು. ಬೋಟಿನ ನೋಂದಣಿ ಸಂಖ್ಯೆಯನ್ನೂ ಒಳಗಿರುವವರ ಹೆಸರುಗಳನ್ನೂ ಬರೆದ ಚೀಟಿ, ಬೋಟು ಹೊರಡುವ ದಿನವೇ, ಮನೆಯಲ್ಲಿ ಇರಲಿ.